ಕಾಯಿ ಬಾರದ ಮೂಳೆ

ಕೊತ್ತತ್ತಿಯಲ್ಲಿ ನಾಲೆ ಏರಿಯ ಪಕ್ಕದ ಆ ಮನೆಗೆ ದಾರಿ ಕೇಳುವವರು ಯಜಮಾನ ಅಂಕಯ್ಯನ ಹೆಸರು ಹೇಳಬೇಕಾಗಿಲ್ಲ. ಕಟ್ಟಿನ ಮನೆ ಎಂದರೆ ಸಾಕು. ಕೇಳುವವರ ಒಂದು ಕೈ ಹೇಗೂ ಟವೆಲ್ಲಿನಲ್ಲಿ ಕೊರಳಿಗೆ ತೂಗುಬಿದ್ದಿರುವುದರಿಂದ, ಊರಿನವರು ಪ್ರಶ್ನೆ ಮುಗಿಯುವ ಮೊದಲೇ ಬೆರಳು ತೋರಿಸಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಮದ್ದೂರು, ಮಳವಳ್ಳಿ ಕಡೆಯಿಂದಲೂ ಜನ ಬರುತ್ತಾರೆ. ಭಾನುವಾರ, ಗುರುವಾರ ಕಟ್ಟುವ ದಿನ. ಬರುವವರು ಎರಡು ನಾಟಿಕೋಳಿ ಮೊಟ್ಟೆ, ಒಂದು ಹಳೆಯ ಸೀರೆ ತರಬೇಕು. ಮೊಟ್ಟೆಯ ಬಿಳಿ ಲೋಳೆಯನ್ನು ಉದ್ದಿನ ಹಿಟ್ಟು, ಅರೆದ ಸೊಪ್ಪಿನ ಜೊತೆ ಕಲಸಿ ಮುರಿದ ಜಾಗಕ್ಕೆ ಮೆತ್ತಿ, ಮೇಲೆ ಬಿದಿರು ದಬ್ಬೆ ಇಟ್ಟು ಸೀರೆ ಹರಿದು ಸುತ್ತಿದರೆ ಅದು ಕಟ್ಟು. ಮೊಟ್ಟೆಯ ಬಿಳಿ ಬಂದವರಿಗೆ, ಹಳದಿ ಮನೆಯವರಿಗೆ.

ಮಳವಳ್ಳಿಯಿಂದ ಇಪ್ಪತ್ತೆರಡು ವರ್ಷದ ಹಿಂದೆ ಸೊಸೆಯಾಗಿ ಬಂದ ದೀಪಿಕ, ಮೊದಲ ಭಾನುವಾರ ಮೂವತ್ತು ಮೊಟ್ಟೆಯ ಹಳದಿ ಒಟ್ಟಿಗೇ ಬಾಣಲೆಗೆ ಬಿದ್ದದ್ದನ್ನು ಕಂಡು ತನ್ನ ಮದುವೆಯ ಖುಷಿಗೆ ಎಂದುಕೊಂಡಿದ್ದಳು. ಗುರುವಾರವೂ ಅದೇ ಪಲ್ಯ. ಮುಂದಿನ ಭಾನುವಾರ ಅದೇ ಹಳದಿಯ ಸಾರು. ಎರಡನೆಯ ತಿಂಗಳಿಗೆ ಅವಳು ಮೂಗಿಗೆ ಸೆರಗು ಕಟ್ಟಿಕೊಂಡು ಒಗ್ಗರಣೆ ಹಾಕಲು ಕಲಿತಳು.

ದುಡ್ಡಿಗೆ ಅಂಕಯ್ಯ ಕೈ ಒಡ್ಡಿದವನಲ್ಲ. ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ಆದರೆ ಒಂದು ಕಟ್ಟಳೆಯನ್ನು ಯಾರೂ ಮೀರುವಂತಿರಲಿಲ್ಲ. ಮೂಳೆ ಕೂಡಿ ಕಟ್ಟು ಬಿಚ್ಚಿದ ಮೇಲೆ, ಕೈ ಮುರಿದಿದ್ದವರು ಆ ಕೈಯಲ್ಲೇ ಎತ್ತಿ, ಕಾಲು ಮುರಿದಿದ್ದವರು ಆ ಕಾಲಲ್ಲೇ ನಡೆದು ಬಂದು, ಬಾಗಿಲ ಮುಂದಿನ ಕಲ್ಲಿಗೆ ಒಂದು ತೆಂಗಿನಕಾಯಿ ಒಡೆಯಬೇಕು. ಆ ಹೋಳುಗಳನ್ನು ಆರಿಸಿಕೊಳ್ಳುವವಳು ಅಂಕಯ್ಯನ ಹೆಂಡತಿ ಚಲುವಮ್ಮ. ನಲವತ್ತೆಂಟು ವರ್ಷದಿಂದ ಲೋಳೆ ಕಡೆಯುತ್ತಿದ್ದವಳೂ ಅವಳೇ. ಯಾರ ಕಾಯಿ ಬಂತು, ಯಾರದು ಬರಲಿಲ್ಲ ಎಂಬುದು ಅವಳ ತಲೆಯಲ್ಲಿ ಅಚ್ಚೊತ್ತಿತ್ತು. ಅದನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಹೆಂಗಸರ ತಲೆಯಲ್ಲಿರುವುದನ್ನು ಕೇಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ.

ಯುಗಾದಿ ಕಳೆದ ಎರಡನೆಯ ಭಾನುವಾರ, ಎಪ್ಪತ್ತೊಂದರ ಚಲುವಮ್ಮ ಕಡೆದ ಲೋಳೆಯ ತಪ್ಪಲೆ ಹಿಡಿದು ಅಡುಗೆಮನೆಯಿಂದ ನಡುಮನೆಗೆ ಬರುತ್ತಿದ್ದಳು. ಯಾರೋ ಚೆಲ್ಲಿದ್ದ ಲೋಳೆಯ ಮೇಲೆ ಕಾಲಿಟ್ಟಳು. ಸಾವಿರ ಮೂಳೆ ಕೂಡಿಸಿದ ಪದಾರ್ಥ ಅವಳೊಬ್ಬಳನ್ನು ನೆಲಕ್ಕೆ ಕೆಡವಿತು.

ಬಿದ್ದವಳು ಕೂಗಲಿಲ್ಲ. ಮೊದಲು ತನ್ನ ಬಲಗಾಲ ಪಾದ ನೋಡಿಕೊಂಡಳು. ಅದು ಪೂರಾ ಹೊರಕ್ಕೆ ತಿರುಗಿ, ಕೀಲು ಕಳಚಿದ ಬಾಗಿಲಿನಂತೆ ಮಲಗಿತ್ತು. ಎಡಗಾಲಿಗಿಂತ ಒಂದಿಷ್ಟು ಗಿಡ್ಡವಾಗಿಯೂ ಕಂಡಿತು. ಈ ಪಾದದ ಪರಿಚಯ ಅವಳಿಗೆ ಚೆನ್ನಾಗಿಯೇ ಇತ್ತು. ಮಂಚದ ಮೇಲೆ, ಟೆಂಪೋದಲ್ಲಿ, ಎತ್ತಿನ ಗಾಡಿಯಲ್ಲಿ ಮುದುಕ ಮುದುಕಿಯರು ಇದೇ ಪಾದ ಹೊತ್ತು ಬಂದದ್ದನ್ನು ಕಂಡವಳು. ಅವರ ಕಾಯಿ ಮಾತ್ರ ಕಂಡವಳಲ್ಲ.

"ಮುಟ್ಬ್ಯಾಡಿ ನನ್ನ," ಅಂದಳು.

ಅಷ್ಟರಲ್ಲಿ ಅಂಕಯ್ಯ ಬಂದು ಹಿಮ್ಮಡಿ ಹಿಡಿದಾಗಿತ್ತು. ಜಗಲಿಯ ಮೇಲೆ ಇಪ್ಪತ್ತು ಜನ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅವನು ಎಳೆದ. ಈಗ ಚಲುವಮ್ಮ ಕೂಗಿದಳು. ಮಗ ಶಿವರಾಜು ದಬ್ಬೆ ಕೊಟ್ಟ, ಬಟ್ಟೆ ಕೊಟ್ಟ. ಹಾಲಿನ ಡೇರಿಯ ಕಾರ್ಯದರ್ಶಿಯಾದ ಅವನು ಕಟ್ಟಿನ ದಿನಗಳಲ್ಲಿ ಅಪ್ಪನಿಗೆ ಕೈಯಾಳು. ತೊಡೆಯಿಂದ ಹಿಮ್ಮಡಿವರೆಗೆ ಚೊಕ್ಕವಾದ ಕಟ್ಟು ಬಿತ್ತು. ಅವಳನ್ನು ಎತ್ತಿ ನಡುಮನೆಯ ಮಂಚಕ್ಕೆ ಹಾಕಿದರು.

"ನೋಡ್ಕಳ್ರಪ್ಪ, ನನ್ ಹೆಂಡ್ರಿಗೂ ಇದೇ ಕಟ್ಟು," ಎಂದ ಅಂಕಯ್ಯ ಜಗಲಿಯ ಕಡೆ ತಿರುಗಿ. "ಮೂರ್ ಕಟ್ಟು, ಆರ್ ವಾರ. ಎದ್ದು ಓಡಾಡ್ತಾಳೆ."

ಜನ ತಲೆದೂಗಿದರು. ಮಂಚದ ಮೇಲಿದ್ದವಳು ತೂಗಲಿಲ್ಲ.

ಸೋಮವಾರ ಬೆಳಿಗ್ಗೆಯಿಂದ ಮನೆಯ ಕೆಲಸಗಳೆಲ್ಲ ಜಾಗ ಬದಲಿಸಿದವು. ಹಟ್ಟಿ ಗುಡಿಸುವುದು ಮೊಮ್ಮಗಳು ಗಗನಳ ಪಾಲಿಗೆ ಬಂತು. ಅವಳು ಮಂಡ್ಯದಲ್ಲಿ ಎಕ್ಸ್‌ರೇ ಡಿಪ್ಲೊಮಾ ಓದುವವಳು, ಎಂಟು ಗಂಟೆಯ ಬಸ್ಸು ಹಿಡಿಯಬೇಕು. ರಾಗಿ ಮುದ್ದೆ ತೊಳಸುವುದು ಶಿವರಾಜುವಿನ ಪಾಲಿಗೆ ಬಂತು. ಅವನು ತೊಳಸಿದ ಮುದ್ದೆಯನ್ನು ನಾಯಿ ಎರಡು ಸಲ ಮೂಸಿ ನೋಡಿ ಹೊರಟುಹೋಯಿತು. ಮಲದ ಬೋಗುಣಿ ದೀಪಿಕಳಿಗೆ. ಅದು ಯಾರಿಗೆ ಎಂಬ ಚರ್ಚೆಯೇ ನಡೆಯಲಿಲ್ಲ.

"ಅತ್ತೆ, ನೀರ್ ಕುಡೀರಿ."

"ಬ್ಯಾಡ ಕನವ್ವ."

"ಯಾಕ್ ಬ್ಯಾಡ? ನಿನ್ನೆಯಿಂದ ಒಂದು ಲೋಟ ಕುಡ್ದಿಲ್ಲ."

"ಕುಡುದ್ರೆ ಆಚೆಗೆ ಬರಕ್ಕಿಲ್ವಾ? ಬಂದ್ರೆ ನೀನು ಎತ್ಬೇಕು. ಎತ್ತುವಾಗ ನಾನು ಸೊಂಟ ಎತ್ಬೇಕು. ಸೊಂಟ ಎತ್ತುದ್ರೆ ಜೀವ ಓಯ್ತದೆ. ಅದ್ಕೇ ಬ್ಯಾಡ."

ದೀಪಿಕ ಲೋಟವನ್ನು ಮಂಚದ ಪಕ್ಕ ಇಟ್ಟು ಮಾವನ ಮುಂದೆ ಹೋಗಿ ನಿಂತಳು. "ಮಾವ, ಮುರಿದ ಜಾಗಕ್ಕೇ ಕಟ್ಟು ಬಿದ್ದಿದ್ರೆ ನೋವು ಇಳೀಬೇಕಿತ್ತು. ಕಟ್ಟಿ ಒಂದು ದಿನ ಆಯ್ತು, ಏರ್ತಾನೇ ಅದೆ."

"ನೀನು ಬಾಡು ಬೇಯ್ಸೋದ್ ನೋಡು, ಮೂಳೆ ನಾನ್ ನೋಡ್ತೀನಿ," ಎಂದ ಅಂಕಯ್ಯ.

ಬಸ್ಸಿಗೆ ಹೊರಟಿದ್ದ ಗಗನ ಹೊಸ್ತಿಲಲ್ಲೇ ನಿಂತಳು. "ತಾತ, ಒಂದೇ ಒಂದು ಎಕ್ಸ್‌ರೇ ತೆಗ್ಸನ. ಆಮೇಲೆ ನೀವೇ ಕಟ್ಟಿ."

"ನನ್ ಬೆರಳ್ನಲ್ಲೇ ಎಕ್ಸರೇ ಅದೆ ಕಣಮ್ಮಿ."

"ಬೆರಳ್ನಲ್ಲಿ ಪ್ರಿಂಟ್ ಬರಲ್ವಲ್ಲ ತಾತ."

ಶಿವರಾಜು ಮಗಳಿಗೆ ಕಣ್ಣು ಬಿಟ್ಟ. ಬಸ್ಸು ಬಂತು. ಅಲ್ಲಿಗೆ ಅವತ್ತಿನ ಚರ್ಚೆ ಮುಗಿಯಿತು.

ಹಣದ ತೊಡಕಾಗಿದ್ದರೆ ಸುಲಭವಾಗಿ ಬಿಡಿಸಬಹುದಿತ್ತು. ನಾಲೆ ಬಯಲಿನಲ್ಲಿ ಎರಡೂವರೆ ಎಕರೆ ಕಬ್ಬು, ಡೇರಿಯ ಸಂಬಳ, ದೀಪಿಕಳ ಬೀರುವಿನಲ್ಲಿ ಸರ್ಕಾರದ ಆರೋಗ್ಯ ಕಾರ್ಡು, ಎಲ್ಲ ಇತ್ತು. ತೊಡಕಿದ್ದದ್ದು ಮಾನದ್ದು. ಕಟ್ಟಿನ ಮನೆಯವಳೇ ಆಸ್ಪತ್ರೆಗೆ ಹೋದಳು ಎಂದ ಮೇಲೆ ಯಾರು ಮೊಟ್ಟೆ ಹಿಡಿದು ಬರುತ್ತಾರೆ? ಇದನ್ನು ಅಂಕಯ್ಯ ಬಾಯಿಬಿಟ್ಟು ಹೇಳಲಿಲ್ಲ. ಮನೆಯಲ್ಲಿ ಎಲ್ಲರಿಗೂ ಕೇಳಿಸಿತು.

ಮಂಗಳವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಚಲುವಮ್ಮ ಮಂಚದಿಂದಲೇ ಶುರುಮಾಡಿದಳು. ಗಂಡನ ತಟ್ಟೆಗೆ ಮುದ್ದೆ ಬಿದ್ದು, ಅವನು ಎದ್ದುಹೋಗಲಾಗದ ಹೊತ್ತನ್ನು ಅವಳು ಕಾದಿದ್ದಳು.

"ಸಿವಪುರದ ಮಲ್ಲಿಗಮ್ಮ ಗ್ಯಪ್ತಿ ಅದಾ ನಿಂಗೆ?"

"ಯಾವ ಮಲ್ಲಿಗಮ್ಮ?"

"ಕೊಟ್ಟಿಗೇಲಿ ಬಿದ್ದು ಬಂದಿದ್ಳಲ್ಲ, ಪಾದ ಇಂಗೇ ತಿರುಗಿತ್ತು. ಎಲ್ಡು ಕಟ್ ಕಟ್ದೆ. ಮೂರ್ನೇದಕ್ಕೆ ಬರ್ನೇ ಇಲ್ಲ. ಒಳಲಿನ ಗೌಡ್ರವ್ವ? ಬೆನ್ನೆಲ್ಲ ಹುಣ್ಣಾಗಿ ಓದ್ಲು. ಮದ್ದೂರಿನ ಮೇಸ್ಟ್ರು? ದಮ್ಮು ಕಟ್ಕಂಡು ಒಂದೇ ತಿಂಗ್ಳು. ಮೊಣಕೈ, ಮುಂಗೈ, ಮೀನಖಂಡ, ಕೊರಳ್ಮೂಳೆ, ಎಲ್ಲಾದ್ಕೂ ಕಾಯಿ ಬಂದವೆ. ಮೇಲ್ತೊಡೇದು ಒಂದಾದ್ರೂ ಬಂದದಾ ಏಳು. ನಲ್ವತ್ತೆಂಟ್ ವರ್ಸದಲ್ಲಿ ಒಂದು."

ಅಂಕಯ್ಯ ಮುದ್ದೆ ಮುರಿದು ಸಾರಿಗದ್ದಿ ನುಂಗಿದ. "ವಯಸ್ಸಾಗಿತ್ತು, ಸತ್ರು. ವಯಸ್ಸಾದೋರು ಸಾಯ್ತಾರೆ."

"ಮುಂಗೈ ಮುರ್ಕಂಡ ಮುದುಕೀರು ಕಾಯಿ ತಂದವ್ರೆ. ಅವ್ರಿಗ್ ವಯಸ್ಸಾಗಿರ್ನಿಲ್ವಾ?"

"ಅವ್ವ, ಊಟ ಮಾಡೋವಾಗ…" ಎಂದ ಶಿವರಾಜು.

"ನೀನು ಉಣ್ಣು. ನಾನು ನಿಮ್ಮಪ್ಪನ್ನ ಕೇಳ್ತಿದೀನಿ. ಮುಂಗೈಗೆ ದಬ್ಬೆ ಕಟ್ಟುವಾಗ ಏನಂತೀಯ? ಮುರಿದ ಜಾಗದ ಮೇಲ್ಗಡೆ ಒಂದು ಗಂಟು, ಕೆಳ್ಗಡೆ ಒಂದು ಗಂಟು, ಎಲ್ಡೂ ಅಲ್ಲಾಡ್ಬಾರ್ದು ಅಂತೀಯ. ನಂಗೆ ಮುರಿದಿರೋದು ತೊಡೆ ಬುಡ್ದಲ್ಲಿ. ಅದ್ರ ಮೇಲ್ಗಡೆ ಎಲ್ಲಿ ಕಟ್ತೀಯ ದಬ್ಬೆಯ? ಒಟ್ಟೆಗಾ?"

ಗಗನ ಕಾಲೇಜಿನಲ್ಲಿದ್ದಳು, ಇಲ್ಲದಿದ್ದರೆ ನಗುತ್ತಿದ್ದಳು. ದೀಪಿಕ ಒಲೆಯ ಕಡೆ ಮುಖ ತಿರುಗಿಸಿದಳು. ಅಂಕಯ್ಯ ಕೈ ತೊಳೆದುಕೊಂಡು ಗದ್ದೆಗೆ ಹೋದ. ತಟ್ಟೆಯಲ್ಲಿ ಅರ್ಧ ಮುದ್ದೆ ಉಳಿದಿತ್ತು. ಮುದ್ದೆ ಉಳಿಸಿ ಏಳುವುದು ಆ ಸೀಮೆಯಲ್ಲಿ ಸಣ್ಣ ಸಿಟ್ಟಲ್ಲ.

ಬುಧವಾರ ಬೆಳಿಗ್ಗೆ ಚಲುವಮ್ಮ ಮೊಮ್ಮಗಳನ್ನು ಕರೆದಳು. "ವಹಾಬಣ್ಣನ ಅಂಗ್ಡಿಗ್ ಓಗ್ಬುಟ್ಟು ಬಾ ಮಗ. ಮೇಕೆದು ಒಂದು ಇಂದ್ಗಾಲ್ ತೊಡೆ ಮೂಳೆ ಬೇಕು ಅನ್ನು. ತುಂಡ್ ಮಾಡ್ಬ್ಯಾಡ, ತುದೀಲಿರೋ ಗುಂಡು ಸಮೇತ ಇರ್ಲಿ ಅನ್ನು."

"ಸೂಪಿಗಾ ಅಜ್ಜಿ?"

"ನಿಮ್ ತಾತಂಗೆ ಕುಡ್ಸಕ್ಕೆ."

ಮೂಳೆಯನ್ನು ವಹಾಬ್ ತಾನೇ ಹಿಡಿದು ಬಂದ. ಕಪ್ಪು ಕವರಿನಲ್ಲಿ ಸುತ್ತಿ, ಮಾಂಸವೆಲ್ಲ ಕೆತ್ತಿ ಬೆಳ್ಳಗೆ ಮಾಡಿದ್ದ. ಮೂವತ್ತು ವರ್ಷದಿಂದ ಆ ಊರಿನ ಬಾಡಿನ ಅಂಗಡಿ ಅವನದು. ಚಲುವಮ್ಮನಿಗೆ ಅವನು ತಮ್ಮನ ಸಮಾನ.

"ಏನಕ್ಕ, ಮನಿಕ್ಕಂಡೇ ಬಾಡಿನೆಸ್ರು ಮಾಡ್ತೀಯಾ?"

"ಕೂತ್ಕೊ ವಹಾಬಣ್ಣ. ಆ ಮೂಳೆ ಬಗ್ಗೆ ಏಳು. ನೀನು ದಿನಾ ಕಡಿಯೋನು."

ವಹಾಬ್ ಮೂಳೆಯನ್ನು ಎತ್ತಿ ಹಿಡಿದ. ಮಂಚದ ಕಾಲ ಬಳಿ ದಬ್ಬೆ ಸೀಳುತ್ತ ಕುಳಿತಿದ್ದ ಅಂಕಯ್ಯ ನೋಡದವನಂತೆ ನೋಡುತ್ತಿದ್ದ.

"ಇದು ಗುಂಡು. ಸೊಂಟದ ಮೂಳೇಲಿ ಒಂದು ಬಟ್ಲು ಇರ್ತದೆ, ಅದ್ರೊಳಗೆ ಕೂತ್ಕಂಡು ತಿರುಗ್ತದೆ. ಇದು ಕುತ್ತಿಗೆ, ಸಣ್ಣಗೆ, ಓರೆಯಾಗಿ. ಇಲ್ಲಿ ಆಚೆಗೆ ಬಂದಿರೋದು ದೊಡ್ ಗಂಟು, ಪಕ್ಕಕ್ಕೆ ಮನಿಕ್ಕಂಡ್ರೆ ಕೈಗೆ ಸಿಗ್ತದಲ್ಲ ಅದು. ಒಳಗಡೆ ಇನ್ನೊಂದು ಸಣ್ ಗಂಟು. ಕೆಳಗೆಲ್ಲ ಗಟ್ಟಿ ಕಂಬ. ಮುರಿಯೋದು ಯಾವಾಗ್ಲೂ ಇಲ್ಲೇ ಅಕ್ಕ, ಕುತ್ತಿಗೇಲಿ. ಮೈಭಾರ ಎಲ್ಲ ಇದ್ರ ಮೇಲೇ ಅಲ್ವಾ?"

"ಕುತ್ತಿಗೆ ಕಡಿ."

ವಹಾಬ್ ಅಂಕಯ್ಯನ ಮುಖ ನೋಡಿದ. ಅಲ್ಲಿ ಏನೂ ಸಿಗಲಿಲ್ಲ. ಕತ್ತಿ ತೆಗೆದು ಒಂದೇ ಏಟಿಗೆ ಗುಂಡನ್ನು ಬೇರೆ ಮಾಡಿ ಎರಡನ್ನೂ ಚಲುವಮ್ಮನ ಕೈಗಿಟ್ಟ. ಅವಳು ಗಂಡನ ಮುಂದೆ ಚಾಚಿದಳು.

"ಕಟ್ಟು ನೋಡನ."

"ಏನ್ ಉಚ್ಚಾಟ ಇದು?"

"ಲೋಳೆ ಬೇಕಾ, ದಬ್ಬೆ ಬೇಕಾ, ಎಲ್ಲಾ ಅದೆ. ಜಿಲ್ಲೇಗೇ ಎಸ್ರಾದ ಕೈ. ಒಂದು ಮೇಕೆ ಮೂಳೆ ಕಟ್ಟಕ್ಕಾಗಕ್ಕಿಲ್ವಾ?"

ವಹಾಬ್ ಇಲ್ಲದಿದ್ದರೆ ಅಂಕಯ್ಯ ಎದ್ದುಹೋಗುತ್ತಿದ್ದ. ಹೊರಗಿನವನ ಮುಂದೆ ಕೈ ಹಿಂದೆಗೆಯುವುದು ಅವನಿಂದ ಆಗದ ಕೆಲಸ. ಕುಳಿತ. ಲೋಳೆ ಮೆತ್ತಿದ. ಕಂಬಕ್ಕೆ ಮೂರು ದಬ್ಬೆ ಇಟ್ಟು, ಮೇಲಿನ ತುದಿಯಲ್ಲಿ ಗುಂಡನ್ನು ಒತ್ತಿ ಹಿಡಿದು ಬಟ್ಟೆ ಸುತ್ತಿದ. ಬಿಗಿಯಾದ, ನೋಡಲು ಸೊಗಸಾದ ಕಟ್ಟು. ಕೈ ಬಿಟ್ಟ. ಗುಂಡು ಬಟ್ಟೆಯೊಳಗಿಂದ ನುಣ್ಣಗೆ ಜಾರಿ, ನೆಲಕ್ಕೆ ಬಿದ್ದು, ಮಂಚದಡಿಗೆ ಉರುಳಿತು. ಮೂರು ದಿನದಿಂದ ಅಲ್ಲೇ ಬೀಡುಬಿಟ್ಟಿದ್ದ ಬೆಕ್ಕು ಅದನ್ನು ಕಚ್ಚಿಕೊಂಡು ಹಿತ್ತಲಿಗೆ ಓಡಿತು.

ಯಾರೂ ನಗಲಿಲ್ಲ. ನಗುವ ಧೈರ್ಯವಿದ್ದದ್ದು ಬೆಕ್ಕೊಂದಕ್ಕೇ.

"ಸತ್ತ ಮೂಳೆ ಕೂಡ್ತದಾ?" ಎಂದ ಅಂಕಯ್ಯ ಗಟ್ಟಿಯಾಗಿ. "ಜೀವ ಇರೋ ಮೂಳೆ ತಾನೇ ತಾನು ಬೆಳ್ಕಂಡು ಕೂಡ್ತದೆ. ಮೇಕೆ ಮೂಳೆ ತಂದು ನನ್ ಪರೀಕ್ಸೆ ಮಾಡ್ತೀಯಾ?"

ಮಾತು ಸರಿಯಾಗಿಯೇ ಇತ್ತು. ಬಾಗಿಲಿಗೆ ಒರಗಿದ್ದ ಗಗನ ಬಾಯಿಬಿಟ್ಟಳು.

"ತಾತ, ಆ ಗುಂಡಿಗೆ ರಕ್ತ ಹೋಗೋ ನಾಳಗಳು ಬಹಳಷ್ಟು ಕುತ್ತಿಗೆ ಮೇಲೇ ಹತ್ಕೊಂಡು ಹೋಗ್ತವೆ. ಕುತ್ತಿಗೆ ಮುರಿದು ಜರುಗ್ತು ಅಂದ್ರೆ ಅವೂ ಹರಿದ್ಹೋಗ್ತವೆ. ತೂಬು ಮುಚ್ಚಿದ್ರೆ ಕಡೇ ಗದ್ದೆಗೆ ನೀರು ಹೋಗುತ್ತಾ? ಹಾಗೆ. ಗುಂಡು ಒಳಗೇ ಒಣಗುತ್ತೆ."

"ನಾಲೆ ನೀರಿನ್ ವಿಸ್ಯ ನಂಗೇಳ್ಕೊಡ್ತೀಯಾ?"

"ಅವ್ಳೇನೂ ಏಳ್ಕೊಡ್ನಿಲ್ಲ," ಎಂದಳು ಚಲುವಮ್ಮ. "ನೀನೇ ಏಳ್ದೆ ಈಗ. ಸತ್ತ ಮೂಳೆ ಕೂಡಕ್ಕಿಲ್ಲ ಅಂತ. ನನ್ ಗುಂಡು ಸಾಯ್ತಾ ಅದೆ. ನೀನು ತೊಡೆಗೆ ಸೀರೆ ಸುತ್ತಿ ಕುಂತಿದೀಯ."

ವಹಾಬ್ ಕತ್ತಿಯನ್ನು ಕವರಿಗೆ ಹಾಕಿಕೊಂಡ. ಎದ್ದವನು ಹೊಸ್ತಿಲ ಬಳಿ ನಿಂತು, ಅಂಕಯ್ಯನಿಗಲ್ಲ, ಬಾಗಿಲ ಚೌಕಟ್ಟಿಗೆ ಎನ್ನುವಂತೆ ಹೇಳಿದ.

"ನಮ್ಮಮ್ಮ ಫಕ್ರುನ್ನೀಸಾಗೂ ಇಲ್ಲೇ ಕಟ್ಟಿಸ್ದೆ ಅಣ್ಣ, ಅನ್ನೆರಡು ವರ್ಸ ಆಯ್ತು. ಇದೇ ಪಾದ. ಎದ್ದು ಓಡಾಡ್ತಾಳೆ ಅಂತ ಕಾಯಿ ತಂದು ಮಡಗಿದ್ದೆ. ನಾಕು ತಿಂಗ್ಳಿಗೆ ಅವ್ರು ಓದ್ರು. ಕಾಯಿ ಇನ್ನೂ ಅದೆ. ಒಳಗೇ ಒಣಗಿ ಗಿಟುಕಾಗ್ಬುಟ್ಟದೆ, ಅಲ್ಲಾಡ್ಸುದ್ರೆ ಸದ್ದು ಬತ್ತದೆ."

"ಯಾಕ್ಲಾ ಏಳ್ನಿಲ್ಲ ನೀನು?" ಅಂಕಯ್ಯನ ಗಂಟಲು ಮೊದಲ ಸಲ ತಗ್ಗಿತು.

"ಏಳಿ ಏನ್ ಮಾಡ್ಲಣ್ಣ? ಅವ್ರು ಎದ್ ಬತ್ತಿದ್ರಾ?" ವಹಾಬ್ ಚಪ್ಪಲಿ ಮೆಟ್ಟಿ ಹೊರಟುಹೋದ.

ಅಂಕಯ್ಯ ಬಹಳ ಹೊತ್ತು ದಬ್ಬೆಯ ಸಿಬಿರು ಆರಿಸುತ್ತ ಕುಳಿತಿದ್ದ. ಕೊನೆಗೆ, "ನಾಳೆ ಗುರ್ವಾರ. ಜನ ಬತ್ತಾರೆ. ಸುಕ್ರವಾರ ನೋಡನ," ಎಂದ.

ಶಿವರಾಜುವಿಗೆ ಇಷ್ಟು ಸಾಕಾಗಿತ್ತು. "ಅದೇ ಸರಿ ಅವ್ವ. ಸುಕ್ರವಾರ ಬೆಳಗಿನ ಜಾವ ಕಾರು ಮಾಡ್ಕಂಡು ಸದ್ದಿಲ್ದಂಗೆ ಓಗ್ಬುಡನ. ಯಾರಾದ್ರೂ ಕೇಳುದ್ರೆ ಮಳವಳ್ಳಿಗೆ, ದೀಪಿಕನ ತವರ್ಗೆ ಓಗವ್ಳೆ ಅನ್ನನ."

"ಮುರಿದ ಕಾಲಿಟ್ಕಂಡು ಬೀಗ್ತೀರ ಮನೇಗಾ?" ಎಂದಳು ಚಲುವಮ್ಮ. "ನಾನೇನು ಕಳ್ಳೀನಾ ಕತ್ಲಲ್ಲಿ ಓಗಕ್ಕೆ? ಗಗನ, ನಾಳೆ ಬೆಳಿಗ್ಗೆ ಅತ್ ಗಂಟೆಗೆ ಆ ನೂರೆಂಟು ಆಂಬುಲೆನ್ಸಿಗೆ ಫೋನ್ ಮಾಡು."

"ಅತ್ತೆ, ಅದು ಕೂಗ್ಕಂಡು ಬತ್ತದೆ. ಜಗ್ಲಿ ತುಂಬ ಜನ ಇರ್ತಾರೆ."

"ಕೂಗ್ಕಂಡೇ ಬರ್ಲಿ. ಬಿದ್ದಾಗ ಜನ್ರಿಗ್ ತೋರ್ಸಿ ಕಟ್ದ. ಎದ್ದು ಓಗೋದ್ನೂ ಜನ ನೋಡ್ಲಿ."

ಗುರುವಾರ ಹತ್ತೂ ಕಾಲಿಗೆ ನಾಲೆ ಏರಿಯ ಮೇಲೆ ಸೈರನ್ನು ಕೇಳಿಸಿತು. ಅಂಕಯ್ಯ ಮದ್ದೂರಿನ ಗಾರೆಯವನೊಬ್ಬನ ಮುಂಗೈ ಹಿಡಿದು ಕುಳಿತಿದ್ದ. ಜಗಲಿಯ ಮೇಲೆ ಹದಿನೆಂಟು ಜನ, ಮೂವತ್ತಾರು ಮೊಟ್ಟೆ. ಸ್ಟ್ರೆಚರ್ ಒಳಗೆ ಹೋಯಿತು. ಹೊರಗೆ ಬರುವಾಗ ಅದರ ಮೇಲೆ ಚಲುವಮ್ಮ, ಒಗೆದ ಸೀರೆಯುಟ್ಟು, ತಲೆ ಬಾಚಿಸಿಕೊಂಡು, ಮದುವೆಗೆ ಹೊರಟವಳಂತೆ ಇದ್ದಳು.

"ಕಟ್ಟಿನ ಮನೆಯೋಳೇ ಆಸ್ಪತ್ರೆಗ್ ಓಯ್ತಾವ್ಳಲ್ಲಪ್ಪೋ!" ಎಂದಿತು ಯಾರದೋ ದನಿ.

"ಊ ಕಣಪ್ಪ, ಓಯ್ತಾವ್ನಿ," ಎಂದಳು ಚಲುವಮ್ಮ ಸ್ಟ್ರೆಚರಿನಿಂದ. "ಮುಂಗೈ ಮುರ್ದಿದ್ರೆ ಇಲ್ಲೇ ಕಟ್ಟಿಸ್ತಿದ್ದೆ, ಇವನಂಗೆ ಕಟ್ಟೋರು ಇಲ್ಲ. ನಂದು ತೊಡೆ ಬುಡ. ನೀವು ಕುಂತ್ಕಳಿ, ನಿಮ್ದೇನೂ ಆಗಕ್ಕಿಲ್ಲ."

ಅಂಕಯ್ಯ ತಲೆ ಎತ್ತಲಿಲ್ಲ. ಗಾರೆಯವನು ಆಮೇಲೆ ಮದ್ದೂರಿನಲ್ಲಿ ಹೇಳಿದನಂತೆ, ಅವತ್ತು ಕಟ್ಟು ಒಂದು ಸುತ್ತು ಜಾಸ್ತಿಯೇ ಬಿಗಿಯಾಯಿತು ಎಂದು.

ಮಂಡ್ಯದ ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರು ಕಟ್ಟು ಬಿಚ್ಚುತ್ತ, "ಇದನ್ನ ಕಟ್ಟಿದ್ದು ಯಾರು?" ಎಂದರು. ಶಿವರಾಜು ಫ್ಯಾನು ನೋಡಿದ.

"ನಮ್ ಯಜಮಾನ್ರು," ಎಂದಳು ಚಲುವಮ್ಮ.

"ಕಟ್ಟು ಚೆನ್ನಾಗಿದೆ. ಮೂಳೆ ಮುರಿದಿರೋದು ಮಾತ್ರ ಕಟ್ಟಿಗಿಂತ ಒಂದು ಗೇಣು ಮೇಲೆ."

"ನಂಗೊತ್ತಿತ್ತು ಡಾಕ್ಟ್ರೇ."

"ಗೊತ್ತಿದ್ದೂ ನಾಲ್ಕು ದಿನ ಯಾಕೆ ಸುಮ್ಮನಿದ್ರಿ?"

"ಸುಮ್ಕೆಲ್ಲಿದ್ದೆ? ಜಗಳ ಆಡ್ತಿದ್ದೆ."

ಎಕ್ಸ್‌ರೇಯಲ್ಲಿ ಗುಂಡು ಕುತ್ತಿಗೆಯಿಂದ ಜರುಗಿ, ಕಂಬದ ಮೇಲೆ ಓಲಾಡುವ ಬಲ್ಬಿನಂತೆ ಕಂಡಿತು. ಈ ವಯಸ್ಸಿನಲ್ಲಿ ಇಷ್ಟು ಜರುಗಿದ್ದು ಕೂಡುವುದಿಲ್ಲ, ಗುಂಡು ತೆಗೆದು ಲೋಹದ್ದು ಕೂರಿಸಬೇಕು, ಬಿದ್ದ ದಿನವೇ ಬಂದಿದ್ದರೆ ಒಳ್ಳೆಯದಿತ್ತು, ಮಲಗಿಸಿಯೇ ಇಟ್ಟರೆ ಬೆನ್ನು ಹುಣ್ಣಾಗಿ, ಎದೆಯಲ್ಲಿ ಕಫ ಕಟ್ಟಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ ಎಂದರು. ಹೊಳಲಿನ ಗೌಡರವ್ವ, ಮದ್ದೂರಿನ ಮೇಷ್ಟ್ರು, ಫಕ್ರುನ್ನೀಸಾ ಒಬ್ಬೊಬ್ಬರಾಗಿ ಆ ಮಾತಿನಲ್ಲಿ ಬಂದು ಹೋದರು. ಚಲುವಮ್ಮ ತಲೆದೂಗುತ್ತ ಕೇಳಿದಳು.

ಒಪ್ಪಿಗೆ ಕಾಗದ ಬಂತು. ನರ್ಸಮ್ಮ ಶಿವರಾಜುವಿಗೆ ಕೊಟ್ಟಳು. ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ಅಪ್ಪನ್ನ ಒಂದ್ಮಾತು ಕೇಳಿ…"

"ಕಾಲು ಯಾರ್ದ್ಲಾ?"

"ನಿಂದೇ ಅವ್ವ, ಆದ್ರೆ…"

"ತತ್ತಾ ಪೆನ್ನ." ಮೂರನೆಯ ತರಗತಿಯ ತನಕ ಓದಿದ್ದ ಚಲುವಮ್ಮ, ಕಾಗದದಲ್ಲಿ ಕೊಟ್ಟಿದ್ದ ಜಾಗ ಸಾಲದೆ ಪಕ್ಕದ ಗೆರೆಗೂ ದಾಟಿ ತನ್ನ ಹೆಸರು ಬರೆದಳು.

ಶನಿವಾರ ಆಪರೇಷನ್ ಆಯಿತು. ಭಾನುವಾರವೇ ವಾಕರ್ ಹಿಡಿಸಿ ನಿಲ್ಲಿಸಿದರು. ಮಂಗಳವಾರ ಅಂಕಯ್ಯ ಟಿಫನ್ ಕ್ಯಾರಿಯರ್ ಹಿಡಿದು ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಂಡ. ಅಲ್ಲಿದ್ದವರಲ್ಲಿ ಅರ್ಧ ಜನ ಒಂದಲ್ಲ ಒಂದು ಕಾಲದಲ್ಲಿ ಅವನ ಕಲ್ಲಿಗೆ ಕಾಯಿ ಒಡೆದವರು. "ನಮಸ್ಕಾರ ಕಟ್ಟಿನಣ್ಣ, ನೀವಿಲ್ಲಿ?" ಎಂದು ಒಬ್ಬೊಬ್ಬರೂ ಎದ್ದು ಕೈಮುಗಿದರು. ಹದಿನೈದು ಹಾಸಿಗೆಯ ವಾರ್ಡು ದಾಟುವುದು ಅವನಿಗೆ ನಾಲೆ ಏರಿಯಷ್ಟೇ ದೂರವಾಯಿತು.

ಚಲುವಮ್ಮ ವಾಕರ್ ಹಿಡಿದು ನಿಂತಿದ್ದಳು. ಅವನು ಮುಖ ನೋಡಲಿಲ್ಲ. ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತು ಎರಡೂ ಹಿಮ್ಮಡಿಯ ನಡುವೆ ಬೆರಳಿಟ್ಟು ಅಳೆದ.

"ಉದ್ದ ಸರ್ಯಾಗೇ ಅದೆ," ಎಂದ. ಎದ್ದು ನಿಂತು, "ಆ ಗುಂಡು ಎಷ್ಟ್ ತೂಕ ಬತ್ತದಂತೆ?"

"ಕೇಳ್ನಿಲ್ಲ."

"ಕೇಳ್ಬೇಕು." ಕ್ಯಾರಿಯರ್ ಬಿಚ್ಚಿದ. ಮೊಟ್ಟೆ ಹಳದಿಯ ಪಲ್ಯ. ಗುರುವಾರ ಉಳಿದಿದ್ದದ್ದಲ್ಲ, ಭಾನುವಾರದ್ದು. ಎಂಟೇ ಮೊಟ್ಟೆಯದ್ದು, ಅವತ್ತು ಬಂದಿದ್ದವರು ನಾಲ್ಕೇ ಜನ.

ಮನೆಗೆ ಬಂದ ಮೇಲಿನ ವಾರಗಳಲ್ಲಿ ದೀಪಿಕಳದ್ದೇ ಆಡಳಿತ. ನೆಲಕ್ಕೆ ಕೂರುವ ಹಾಗಿಲ್ಲ, ಕುಕ್ಕರಗಾಲು ಕೂಡದು, ಕಾಲ ಮೇಲೆ ಕಾಲು ಹಾಕಿದರೆ ಗುಂಡು ಕಳಚುತ್ತದೆ. ಎಪ್ಪತ್ತೊಂದು ವರ್ಷ ನೆಲದಲ್ಲೇ ಉಂಡವಳು ಕುರ್ಚಿಯಲ್ಲಿ ಕುಳಿತು ಮೇಜಿನ ಮೇಲೆ ಮುದ್ದೆ ಇಟ್ಟುಕೊಂಡು, "ಎಲೆಕ್ಸನ್ನಿಗ್ ನಿಂತೋಳಂಗ್ ಕುಂತಿವ್ನಿ," ಎಂದು ತಾನೇ ಹೇಳಿಕೊಂಡಳು. ಶಿವರಾಜು ತೊಳಸುವ ಮುದ್ದೆ ಐದನೆಯ ವಾರಕ್ಕೆ ತಿನ್ನುವ ಹದಕ್ಕೆ ಬಂತು. ನಾಯಿಯೂ ಒಪ್ಪಿತು.

ಜಗಲಿ ಮಾತ್ರ ಖಾಲಿ ಹೊಡೆಯುತ್ತಿತ್ತು. ಹದಿನೆಂಟು ಜನ ಬರುತ್ತಿದ್ದ ಕಡೆ ಆರು, ಐದು, ಒಂದು ಗುರುವಾರ ಇಬ್ಬರೇ. ಅಂಕಯ್ಯ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದ.

"ಎಲ್ಲಾ ನಿಮ್ಮವ್ವನಿಂದ," ಎಂದ ಒಂದು ದಿನ ಮಗನಿಗೆ, ಅವಳಿಗೆ ಕೇಳಿಸುವಂತೆ. "ಮೂರ್ ತಲೆಯಿಂದ ಬಂದ ಇದ್ಯೆ. ಒಂದು ಸೈರನ್ನಿಗ್ ಓಯ್ತು."

"ಮೂರ್ ತಲೆಯಿಂದ ಯಾರಾದ್ರೂ ಒಬ್ರು, ಇದು ನನ್ ಕೈದಲ್ಲ ಅಂದಿದ್ರೆ ಓಗ್ತಿರ್ನಿಲ್ಲ," ಎಂದಳು ಅವಳು ಕುರ್ಚಿಯಿಂದ. "ಮುಂಗೈ ಕಟ್ಟು, ಬ್ಯಾಡ ಅಂದೋರ್ಯಾರು? ಬರ್ದೇ ಇರೋದ ಬರಕ್ಕಿಲ್ಲ ಅನ್ನೋದೂ ಇದ್ಯೆನೇ."

ಒಂಬತ್ತನೆಯ ವಾರದ ಭಾನುವಾರ ಬೆಳಿಗ್ಗೆ ಚಲುವಮ್ಮ ಗಗನಳಿಂದ ಒಂದು ತೆಂಗಿನಕಾಯಿ ಸುಲಿಸಿಕೊಂಡಳು. ಅದನ್ನು ಚೀಲಕ್ಕೆ ಹಾಕಿ ವಾಕರಿಗೆ ತೂಗುಹಾಕಿ, ಹಿತ್ತಲಿಂದ ಸುತ್ತಿಕೊಂಡು ರಸ್ತೆಗೆ ಹೋಗಿ, ರಸ್ತೆಯಿಂದ ಬಾಗಿಲ ಕಡೆಗೆ, ಬಂದವರು ಬರುವ ದಾರಿಯಲ್ಲೇ ನಡೆದು ಬಂದಳು. ಜಗಲಿಯ ಮೇಲೆ ನಾಲ್ಕು ಜನರಿದ್ದರು. ಅಂಕಯ್ಯ ಎದ್ದು ನಿಂತ.

"ಏನದು?"

"ಕಾಯಿ."

"ಆ ಕಲ್ಲು ನನ್ ಕಟ್ಟಿಂದು. ನಿಂದು ನಾನ್ ಕೂಡಿಸ್ದ ಮೂಳೆ ಅಲ್ಲ. ಆಸ್ಪತ್ರೆ ಬಾಕ್ಲಲ್ಲಿ ಒಡ್ಕೊ ಓಗು."

"ಕಲ್ಲು ನಡ್ಕಂಡ್ ಬಂದೋರ್ದು. ಯಾರ್ ನಡೆಸಿದ್ರು ಅಂತ ಅದು ಯಾವತ್ತೂ ಕೇಳಿಲ್ಲ."

ಅವರ ಮಾತು ಇನ್ನೂ ಮುಗಿದಿರಲಿಲ್ಲ. ಮಳವಳ್ಳಿ ಕಡೆಯ ಟೆಂಪೋವೊಂದು ಬಂದು ನಿಂತಿತು. ಹಿಂದುಗಡೆ ಮಂಚದ ಮೇಲೆ ಒಬ್ಬ ಮುದುಕಿ, ತಲೆಯ ಬಳಿ ಮಗ. ಅವನು ಇಳಿದವನೇ ಎರಡು ಮೊಟ್ಟೆಯನ್ನು ಅಂಕಯ್ಯನ ಕೈಗಿಟ್ಟ.

"ನಮ್ಮವ್ವ ಮಂಚಮ್ಮ ಅಂತ, ನಿನ್ನೆ ಬಚ್ಚಲಲ್ಲಿ ಬಿದ್ರು. ಎಲ್ರೂ ಆಪರೇಸನ್ನು ಅಂತಾವ್ರೆ. ಆಸ್ಪತ್ರೆ ಬ್ಯಾಡ ಅಂತ ಅವ್ವ ಅಟ ಇಡ್ಕಂಡವ್ರೆ. ನಿಮ್ ಕೈಗುಣ ದೊಡ್ದು ಅಂದ್ರು."

ವಾರಗಳಿಂದ ಯಾರೂ ಆಡಿರದ ಮಾತು. ಅಂಕಯ್ಯನ ಬೆನ್ನು ನೆಟ್ಟಗಾಯಿತು. ಅವನು ಟೆಂಪೋದ ಹತ್ತಿರ ಹೋಗಿ ಹೊದಿಕೆ ಸರಿಸಿದ. ಪಾದ ಹೊರಕ್ಕೆ ತಿರುಗಿ, ಕೀಲು ಕಳಚಿದ ಬಾಗಿಲಿನಂತೆ ಮಲಗಿತ್ತು. ಅವನ ಕೈ ಅಭ್ಯಾಸದಂತೆ ಹಿಮ್ಮಡಿಯ ಕಡೆ ಚಾಚಿತು.

ಚಲುವಮ್ಮ ಬಾಗಿಲಿಗೆ ಅಡ್ಡಲಾಗಿ, ಕಲ್ಲಿನ ಪಕ್ಕ ವಾಕರ್ ಊರಿಕೊಂಡು ನಿಂತಿದ್ದಳು. ಮಂಚ ಒಳಗೆ ಹೋಗಬೇಕಾದರೆ ಅವಳು ಸರಿಯಬೇಕಿತ್ತು. ಸರಿಯುವ ಲಕ್ಷಣ ಕಾಣಲಿಲ್ಲ.

ಅಂಕಯ್ಯನ ಕೈ ಹಿಮ್ಮಡಿಯಿಂದ ಒಂದಂಗುಲ ದೂರದಲ್ಲಿ ನಿಂತಿತು. ನಾಲೆಯಲ್ಲಿ ನೀರು ಹೋಗುವ ಸದ್ದು ಕೇಳುತ್ತಿತ್ತು. ಅವನು ಹೊದಿಕೆಯನ್ನು ಮತ್ತೆ ಹೊದಿಸಿ, ಎಡಗೈಯಲ್ಲಿದ್ದ ಎರಡು ಮೊಟ್ಟೆಯನ್ನು ಆ ಮಗನ ಕೈಗೆ ವಾಪಸು ಇಟ್ಟ. ಆ ಮನೆಗೆ ಬಂದ ಮೊಟ್ಟೆ ಇಡಿಯಾಗಿ ಹೊರಗೆ ಹೋದದ್ದು ಅದೇ ಮೊದಲು.

"ಇದು ನನ್ ಕೈದಲ್ಲ," ಎಂದ ಒರಟಾಗಿ. "ಇವತ್ತೇ ಮಂಡ್ಯಕ್ಕೆ ಕರ್ಕಂಡೋಗಿ. ತಡ ಮಾಡ್ಬ್ಯಾಡಿ. ಕಾಲು ಎಳೀಬ್ಯಾಡಿ, ದಿಂಬು ಕೊಟ್ಟು ಅಂಗೇ ಮಡಗಿ."

"ಆಸ್ಪತ್ರೆ ಬ್ಯಾಡ್ವೋ," ಎಂದು ಟೆಂಪೋದೊಳಗಿಂದ ಮಂಚಮ್ಮ ನರಳಿದಳು. "ಕೊಯ್ತಾರೆ."

"ಕೊಯ್ತಾರೆ ಕಣಕ್ಕ," ಎಂದಳು ಚಲುವಮ್ಮ. "ನನ್ನೂ ಕೊಯ್ದವ್ರೆ. ಇಲ್ ನೋಡು." ವಾಕರನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈ ಬಿಟ್ಟು ನಿಂತಳು. ದೀಪಿಕ ಒಳಗಿಂದ "ಅತ್ತೆ!" ಎಂದು ಚೀರಿದಳು. ಚಲುವಮ್ಮ ಚೀಲದಿಂದ ಕಾಯಿ ತೆಗೆದು, ನಿಂತಲ್ಲಿಂದಲೇ, ಬಗ್ಗದೆ, ಕಲ್ಲಿನ ಮೇಲೆ ಎತ್ತಿ ಹಾಕಿದಳು. ಕಾಯಿ ಎರಡು ಹೋಳಾಗಿ, ನೀರು ಅಂಕಯ್ಯನ ಪಂಚೆಗೆ ಸಿಡಿಯಿತು.

"ನೀನೂ ಒಂದು ತಕ್ಕಂಬಾ," ಎಂದಳು ಟೆಂಪೋದ ಕಡೆಗೆ. "ನಡ್ಕಂಡು."

ಟೆಂಪೋ ಮಂಡ್ಯದ ಕಡೆ ತಿರುಗಿತು. ಅಂಕಯ್ಯ ಪಂಚೆ ಕೊಡವಿಕೊಂಡ. ಬಗ್ಗಲಾಗದ ಹೆಂಡತಿಯ ಬದಲಿಗೆ ತಾನೇ ಬಗ್ಗಿ ಎರಡೂ ಹೋಳು ಆರಿಸಿ ಅವಳ ಚೀಲಕ್ಕೆ ಹಾಕಿದ. ಅವಳ ಮುಖ ನೋಡಲಿಲ್ಲ. ಜಗಲಿಯ ಕಡೆ ತಿರುಗಿ ಗದರಿದ.

"ಏನ್ ನೋಡ್ತೀರಾ? ಮುಂದಿನೋರ್ ಯಾರು, ಬನ್ನಿ. ಕಾಲಾ? ತಡೀರಿ, ಮೊಟ್ಟೆ ಆಮೇಲೆ. ಮೊದ್ಲು ಪಾದ ತೋರ್ಸಿ."